ಎಲೆಗೆ ಅಡ್ಡ ಹಿಡಿದ ಕೈ

ಮತ್ತೊಂದು ಹೋಳಿಗೆ ಬರುವುದನ್ನು ಕಂಡು ವಾಮದೇವಪ್ಪ ಎಲೆಗೆ ಕೈ ಅಡ್ಡ ಹಿಡಿದರು. ಬಡಿಸುತ್ತಿದ್ದ ಹಾಲವ್ವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಎಡಗೈಯಿಂದ ಎಲೆಯ ಅಂಚು ಮುಟ್ಟಿ ನೋಡಿ, ಹೋಳಿಗೆಯನ್ನು ಅವರ ಅಂಗೈ ಹಿಂಬದಿಯ ಮೇಲೇ ಇಳಿಸಿ, ಬಿಸಿ ತುಪ್ಪ ಸುರಿದಳು. ಅವರು ಚುರುಕ್ಕೆಂದು ಕೈ ಎಳೆದುಕೊಂಡರು. ಹೋಳಿಗೆ ಎಲೆಗೆ ಜಾರಿತು.

ವಾಮದೇವಪ್ಪ ಹರಿಹರದ ನೂಲಿನ ವ್ಯಾಪಾರಿ. ಊಟಕ್ಕೆ ಕೂತರೆ ಮೌನ; ತಂದೆಯ ಕಾಲದಿಂದ ಬಂದ ನೇಮ. ಎಲೆಗೆ ಬಿದ್ದದ್ದು ಪ್ರಸಾದ, ಒಂದು ಚೂರೂ ಬಿಡುವಂತಿಲ್ಲ. ಮನೆಯಲ್ಲಾದರೆ ಅವರು ಹುಬ್ಬು ಎತ್ತಿದರೆ ಸಾಕು, ಸೊಸೆಯಂದಿರು ಹಿಂದೆ ಸರಿಯುತ್ತಿದ್ದರು. ಆದರೆ ಇದು ದಾವಣಗೆರೆಯ ಅಂಧ ಹೆಂಗಸರ ಆಶ್ರಮ. ಇಲ್ಲಿ ಬಡಿಸುವವರಿಗೂ ಒಂದು ನೇಮವಿತ್ತು: ಉಣ್ಣುವವರು ಬಾಯಿಬಿಟ್ಟು ಸಾಕು ಅನ್ನುವ ತನಕ ಕೈ ನಿಲ್ಲಿಸಬಾರದು.

ಆಶ್ರಮ ನೋಡಿಕೊಳ್ಳುವ ಅನ್ನಪೂರ್ಣಮ್ಮ ಕಂಬದ ಪಕ್ಕ ನಿಂತು ಸೆರಗಿನ ತುದಿ ಹಿಂಡುತ್ತಿದ್ದರು. ಅಮಾವಾಸ್ಯೆಗೊಮ್ಮೆ ಬಂದು ಇಲ್ಲಿನವರಿಗೆಲ್ಲ ತಮ್ಮ ಕೈಯಾರೆ ಬಡಿಸಿ ಹೋಗುವುದು ವಾಮದೇವಪ್ಪನವರ ಪದ್ಧತಿ. ಹೋದ ಸಲ ಅನ್ನಪೂರ್ಣಮ್ಮ ಧೈರ್ಯ ಮಾಡಿ, ಎರಡು ಕೈಮಗ್ಗ ಕೊಡಿಸಿದರೆ ಇವರು ದುಡಿದು ಉಣ್ಣುತ್ತಾರೆ ಎಂದಿದ್ದರು. "ಅಮ್ಮಾರೆ, ಕಣ್ಣಿಲ್ಲದೋರು ನೇಯ್ದ್ರೆ ನನ್ನ ನೂಲೆಲ್ಲ ಸಿಕ್ಕು ಸಿಕ್ಕು ಆಗ್ತೈತೆ!" ಎಂದು ಅವರು ನಕ್ಕುಬಿಟ್ಟಿದ್ದರು. ಅದಕ್ಕೇ ಇವತ್ತು ಹೆಂಗಸರೇ ಹೂರಣ ರುಬ್ಬಿ, ಹೋಳಿಗೆ ತಟ್ಟಿ, ಅವರನ್ನು ಎಲೆಯ ಮುಂದೆ ಕೂರಿಸಿದ್ದು. ಈ ಕೈಗಳು ಏನು ಬಲ್ಲವು ಎಂದು ಅವರು ಉಂಡೇ ತಿಳಿಯಲಿ ಎಂದು. ಈಗ ನೋಡಿದರೆ ಅವರ ಮುಖ ಕೆಂಪಗಾಗಿದೆ. ಮುನಿದು ಎದ್ದರೆ ಮಗ್ಗವಿರಲಿ, ಅಮಾವಾಸ್ಯೆಯ ಊಟವೂ ನಿಂತುಹೋದೀತು. ಹಾಗೆಂದು ಅತಿಥಿಯ ಪರವಾಗಿ ಮನೆಯವರೇ ಸಾಕು ಅನ್ನುವುದುಂಟೇ?

"ಹಾಲವ್ವ, ಸ್ವಲ್ಪ ನಿಧಾನ..."

"ಅವ್ರು ಸಾಕು ಅಂದಿಲ್ರೀ ಅಮ್ಮಾರೆ."

"ಅವರು ಊಟದಾಗ ಮಾತಾಡಲ್ಲ ಕಣವ್ವ."

"ಹಂಗಾರೆ ಇನ್ನೂ ಹಸಿವು ಐತೆ. ಹೊಟ್ಟೆ ತುಂಬಿದ ಗಂಡಸು ಸುಮ್ನೆ ಕುಂತಿದ್ದು ನಾನಂತೂ ಕೇಳಿಲ್ಲ," ಎಂದಳು ಹಾಲವ್ವ. ಒಲೆಯ ಕಡೆಯಿಂದ ಯಾರೋ ಕಿಸಕ್ಕೆಂದರು. ಮತ್ತೊಂದು ಹೋಳಿಗೆ ಬಿತ್ತು.

ವಾಮದೇವಪ್ಪ ಜೋರಾಗಿ ಕೆಮ್ಮಿದರು.

"ಅಯ್ಯೋ, ಸಾವ್ಕಾರ್ರಿಗೆ ಒಣಾ ಹೋಳಿಗೆ ಗಂಟ್ಲಾಗ ಹತ್ತೈತೆ! ಇನ್ನಷ್ಟು ತುಪ್ಪ ತರ್ರೇ!"

ತುಪ್ಪದ ಗಿಂಡಿ ಎಲೆಯ ಮೇಲೆ ವಾಲಿತು.

"ಸಾಕವ್ವಾ! ಸಾಕು!"

ತಮ್ಮ ದನಿಗೆ ತಾವೇ ಬೆಚ್ಚಿದಂತೆ ವಾಮದೇವಪ್ಪ ಸುತ್ತ ನೋಡಿದರು. ಅನ್ನಪೂರ್ಣಮ್ಮ ಕಣ್ಣು ಮುಚ್ಚಿಕೊಂಡರು.

ಹಾಲವ್ವ ಗಿಂಡಿ ನೆಟ್ಟಗೆ ಮಾಡಿ, "ಮೊದಲೇ ಅನ್ನಬಾರ್ದಾ ಸಾವ್ಕಾರ್ರೆ?" ಎಂದಳು.

"ಹೆಂಗೆ ಅನ್ನಲಿ? ಆವಾಗ್ಲಿಂದ ಕೈ ಅಡ್ಡ ಹಿಡ್ದೀನಲ್ಲ!"

"ನಾವೂ ಪ್ರತಿ ಅಮಾಸೆಗೆ ಹಿಡೀತಿದ್ವಿ. ಆದ್ರೂ ನೀವು ಉಣ್ರವ್ವ, ಉಣ್ರವ್ವ ಅಂತ ಹಾಕ್ತಾನೇ ಇದ್ರಿ. ನಿಮಗೆ ಕಣ್ಣು ಐತಲ್ರೀ?"

ಗೋಡೆಯ ಉದ್ದಕ್ಕೂ ಕೂತಿದ್ದ ಹೆಂಗಸರ ಮೇಲೆ ವಾಮದೇವಪ್ಪನವರ ನೋಟ ನಿಧಾನವಾಗಿ ಹಾದುಹೋಯಿತು. ಆಮೇಲೆ ಅವರ ಹೊಟ್ಟೆ ಸಣ್ಣಗೆ ಕುಲುಕಾಡತೊಡಗಿತು. ನಗು ಏರಿ ಏರಿ, ಹಣೆಯ ವಿಭೂತಿ ಬೆವರಿನಲ್ಲಿ ಕದಡಿ, ಕೊನೆಗೆ ಕಣ್ಣಲ್ಲಿ ನೀರು ಬಂತು. ಹೆಂಗಸರೂ ನಕ್ಕರು. ಅನ್ನಪೂರ್ಣಮ್ಮ ಮಾತ್ರ, ಈ ನಗು ಯಾವ ಕಡೆಗೆ ತಿರುಗೀತೋ ಎಂದು ಅವರ ಮುಖವನ್ನೇ ನೋಡುತ್ತಿದ್ದರು.

ಎಲೆಯಲ್ಲಿ ಇನ್ನೂ ಹೋಳಿಗೆಯಿತ್ತು. ವಾಮದೇವಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಎಲ್ಲೂ ಹರಿದಿರಲಿಲ್ಲ. ದೊಡ್ಡದೊಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ನುಂಗುವ ತನಕವೂ ಕಾಯದೆ, ತುಂಬಿದ ಬಾಯಲ್ಲೇ ಕೇಳಿದರು:

"ಏನವ್ವಾ, ಮಗ್ಗ ಎಲ್ಲಿ ಹೂಡ್ತೀರಿ?"