ಸಾತವ್ವನನ್ನು ಇಳಿಸಿದ್ದು

ಒಂದಾನೊಂದು ಊರಿನಲ್ಲಿ ದುಃಖ ಬಂದವರೆಲ್ಲ ಹಗುರಾಗಿ ಮೇಲಕ್ಕೆ ತೇಲುತ್ತಿದ್ದರಂತೆ. ಹಿಂದೊಮ್ಮೆ ತಾವೂ ತೇಲಿ ಇಳಿದವರು ಬಯಲಿನಲ್ಲಿ, ಹಗ್ಗವಿಲ್ಲದೆ, ಕೈ ಹಿಡಿದರಷ್ಟೇ ಮತ್ತೆ ನೆಲ ಸಿಗುತ್ತಿತ್ತು.

ಗಂಡ ತೀರಿದ ಮೇಲೆ ಸಾತವ್ವನ ತಲೆ ಜಂತಿಗೇ ತಾಗಿತ್ತು. ಮೇಲೋಣಿಯವರು ಅವಳ ಸೊಂಟಕ್ಕೆ ಹಗ್ಗ ಬಿಗಿದು, ಕೋಲಿನ ತುದಿಯಲ್ಲಿ ರೊಟ್ಟಿ ಕೊಡುತ್ತಿದ್ದರು. ಇಳಿಸಬಲ್ಲವಳು, ತಾನೂ ಗಂಡ ಸತ್ತಾಗ ತೇಲಿ ಇಳಿದಿದ್ದ ಕೆಳಗಿನೋಣಿಯ ಮಾಬುಬಿ ಒಬ್ಬಳೇ. ನಳದ ಜಗಳವಾದಾಗಿನಿಂದ ಎರಡು ಓಣಿಗೂ ಮಾತಿರಲಿಲ್ಲ.

ಆದರೂ ಮಾಬುಬಿ ಬಂದಳು. "ನಿನ್ನ ನೆಲಕ್ಕ ನಿಲ್ಲಿಸೇ ಹೋಗ್ತೀನಿ" ಎಂದು ಗಾಳಿಪಟದಂತೆ ಅವಳನ್ನು ಅಂಗಳಕ್ಕೆಳೆದು, ಕೈ ಹಿಡಿದಳು. "ಇನ್ನ ಹಗ್ಗ ಬಿಚ್ಚವ್ವಾ."

"ನೀ ಕೈ ಬಿಟ್ರ, ಮುಗಿಲಿಗೇ ಹೋಗ್ತೀನಲ್ಲ?"

"ಬಿಟ್ರ ನಿಮ್ಮ ಓಣಿಯವ್ರು ನನ್ನ ಸುಮ್ನ ಬಿಡ್ತಾರೇನು?"

ಸಾತವ್ವ ಕಣ್ಣು ಮುಚ್ಚಿ ಗಂಟು ಬಿಚ್ಚಿದಳು. ಹಗ್ಗ ಕೆಳಗೆ ಬಿತ್ತು, ಅವಳು ಮಾತ್ರ ಇಳಿಯಲಿಲ್ಲ.

"ನಿನ್ನ ಗಂಡ ಎಂಥಾವ?" ಮಾಬುಬಿ ಕೇಳಿದಳು.

"ದೇವರಂಥಾವ." ಹಾಗೆಂದದ್ದೇ ಗೇಣು ಮೇಲೇರಿದಳು.

"ಖರೇ ಹೇಳ! ನಮ್ಮಾಂವ ಚಹಾದಾಗ ರೊಟ್ಟಿ ಅದ್ದಿ, ಗಡ್ಡಕ್ಕೂ ಉಣಿಸ್ತಿದ್ದ."

"ನಮ್ಮಾಂವ... ಗೊರಕಿ ಹೊಡದು, ಎಬ್ಬಿಸಿದ್ರ ನೀನ ಹೊಡದಿ ಅಂತಿದ್ದ!"

ಇಬ್ಬರೂ ಅಳುತ್ತಳುತ್ತಲೇ ನಕ್ಕರು. ಗೋಡೆಯ ಮೇಲೆ ಕೂತು ನೋಡುತ್ತಿದ್ದ ಎರಡೂ ಓಣಿಯವರು ಘೊಳ್ಳೆಂದರು. ಸಾತವ್ವನ ಹೆಬ್ಬೆರಳಿಗೆ ಮಣ್ಣು ತಾಗಿತು. ಆಮೇಲೆ ಹಿಮ್ಮಡಿಯೂ ಊರಿತು.