ಹಿಂಡಿಗೆಲ್ಲ ಔಷಧಿ

ಗಂಡ ಸುಳ್ಳು ಹೇಳುತ್ತಿದ್ದಾನೆ ಎಂಬುದು ಏಕನಾಥಮ್ಮನಿಗೆ ಅವನು ಗಮ್ಮಿ ತಿನ್ನುವುದನ್ನು ನೋಡಿಯೇ ಖಾತ್ರಿಯಾಗಿತ್ತು. ಪಾಪಣ್ಣ ಮಾತ್ರೆಯೆಂದರೆ ಮಾರು ದೂರ ಓಡುವ ಆಸಾಮಿ. ಜ್ವರ ಬಂದರೆ ಕಂಬಳಿ ಹೊದ್ದು ಕುರಿಗಳ ಮಧ್ಯೆ ಮಲಗಿ ಎದ್ದುಬಿಡುವವನು. ಅಂಥವನು ಈಗ ಬೆಳಗಾದರೆ ಪ್ಲಾಸ್ಟಿಕ್ ಡಬ್ಬಿ ತೆರೆದು, ಹೊಟ್ಟೆಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳಿವೆಯೆಂದು ಮಾರುವ, ಕರಡಿ ಮರಿಯ ಆಕಾರದ ಕೆಂಪು ಅಂಟು ಮಿಠಾಯಿಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ತಾನೊಬ್ಬನೇ ತಿಂದಿದ್ದರೆ ಅದು ಬೇರೆ ಮಾತು. ಹೆಂಡತಿಗೊಂದು, ಮಗಳು ಸುಚಿತ್ರಾಳಿಗೊಂದು ಕೊಟ್ಟು, ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದ.

"ಹಿಂಡಿನಾಗೆ ಒಂದಕ್ಕೆ ರೋಗ ಬಂದ್ರೂ ಎಲ್ಲಕ್ಕೂ ಔಷಧಿ ಕುಡಿಸ್ತೀವಿ. ಮನೆಗೂ ಹಂಗೇ."

ಆ ಒಂದು ಯಾವುದೆಂದು ಏಕನಾಥಮ್ಮ ಕೇಳಲಿಲ್ಲ. ಕೇಳಲು ಅವಳಿಗೆ ಭಯ. ಬದಲಿಗೆ ತಮಾಷೆ ಮಾಡಿದಳು. ಹೊಟ್ಟೆಯ ಹುಳ ಸಾಯಿಸಲು ಕುರಿಗೆ ಔಷಧಿ ಕುಡಿಸಿ ಗೊತ್ತು, ದುಡ್ಡು ಕೊಟ್ಟು ಹುಳ ತಂದು ತಿನ್ನುವವರನ್ನು ಮಾಡದಕೆರೆಯಲ್ಲಿ ಇದೇ ಮೊದಲು ನೋಡಿದ್ದು ಎಂದಳು. ಇವು ಒಳ್ಳೆಯ ಹುಳ, ಕಣ್ಣಿಗೇ ಕಾಣುವುದಿಲ್ಲ ಎಂದು ಸುಚಿತ್ರಾ ನಕ್ಕಳು. ಪಾಪಣ್ಣ ಮಾತ್ರ ನಗಲಿಲ್ಲ.

ಎರಡು ತಿಂಗಳ ಹಿಂದೆ ನೆಂಟರ ಮನೆಯಲ್ಲಿ ಉಂಡು ಬಂದು ಮೂವರಿಗೂ ಹೊಟ್ಟೆ ಕೆಟ್ಟಿತ್ತು. ಹೊಸದುರ್ಗದ ಡಾಕ್ಟರಮ್ಮ ಆಂಟಿಬಯಾಟಿಕ್ ಕೊಟ್ಟರು. ಭೇದಿ ನಿಂತಿತು, ನೋವು ನಿಲ್ಲಲಿಲ್ಲ. ಮೂವರಿಗೂ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರು. ರಿಪೋರ್ಟ್ ತರಲು ಪಾಪಣ್ಣ ಹೊರಟಾಗ, ಇಂಗ್ಲಿಷ್ ಓದಲೆಂದು ಸುಚಿತ್ರಾ ಜೊತೆಗೆ ಹೋದಳು. ಏಕನಾಥಮ್ಮ ಕುರಿ ಕಾಯಲು ಉಳಿದಳು.

ಹೊತ್ತು ಮುಳುಗುವಾಗ ಇಬ್ಬರೂ ಬಂದರು. "ಮೂರು ಜನಕ್ಕೂ ಬರೀ ಗ್ಯಾಸಂತೆ," ಎಂದವನೇ ಪಾಪಣ್ಣ ಕುರಿ ರೊಪ್ಪಕ್ಕೆ ಹೋದ. ಕಾಫಿ ಹಿಡಿದು ಹಿಂದೆಯೇ ಹೋದ ಏಕನಾಥಮ್ಮ ಬೇಲಿಯ ಈಚೆಗೇ ನಿಂತಳು. ಗಂಡ ತನ್ನ ತಮ್ಮನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದ. "ಕೈ ಚೆಲ್ಯಾರೆ ಕಣಲೇ. ಆರು ತಿಂಗ್ಳು ಅಂದ್ರು." ಅವಳು ಸದ್ದಿಲ್ಲದೆ ವಾಪಸು ಬಂದು ಕಾಫಿಯನ್ನು ಬಚ್ಚಲಿಗೆ ಚೆಲ್ಲಿದಳು.

ಗೊತ್ತಾದದ್ದನ್ನು ಗೊತ್ತಿಲ್ಲದವಳಂತೆ ಬಚ್ಚಿಟ್ಟುಕೊಂಡಳು. ಅವನೇ ಹೇಳದೆ ನುಂಗಿಕೊಂಡಿರುವಾಗ ಕೆದಕಿ ನೋಯಿಸುವುದೇಕೆ? ಅವನು ಹಿಂಡನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲೇ ಕುಳಿತ. ಮುದ್ದೆ ಅರ್ಧಕ್ಕೇ ಬಿಡುತ್ತಿದ್ದ. ಅವನು ಬಿಟ್ಟದ್ದನ್ನು ನೋಡಿ ಇವಳ ಗಂಟಲಲ್ಲೂ ಇಳಿಯದು. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಅವಳಿಗೆ ರೇಗಿದ್ದು ಒಂದೇ ವಿಷಯಕ್ಕೆ. ತಾಳ್ಯದ ರವೀಂದ್ರನ ಜೊತೆ ಸುಚಿತ್ರಾಳ ಮದುವೆ ಮಾಘಕ್ಕೆ ಗೊತ್ತಾಗಿತ್ತು. ಪಾಪಣ್ಣ ಬರುವ ವರ್ಷ ನೋಡೋಣ ಎಂದುಬಿಟ್ಟ. ಸಾಯುವ ಅಪ್ಪ ಮಗಳ ಮದುವೆಗೆ ಅವಸರ ಮಾಡಬೇಕೋ, ಮುಂದೆ ಹಾಕಬೇಕೋ? ತಾಳಿ ಕಟ್ಟುವುದನ್ನು ಕಣ್ತುಂಬ ನೋಡಿಯಾದರೂ ಹೋಗಲಿ ಎಂದು ಇವಳ ಜೀವ ಒದ್ದಾಡುತ್ತಿತ್ತು. ಮಗಳೂ ಅಪ್ಪನ ಕಡೆಯೇ. "ಅಪ್ಪ ಹೇಳ್ದಂಗೇ ಆಗ್ಲಿ ಬಿಡವ್ವ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಮದುವೆಗೆಂದು ಹೊಲಿಸಿದ ರವಿಕೆಯನ್ನು ಆಗಲೇ ಎರಡು ಸಲ ಬಿಗಿ ಮಾಡಿಸಿಯಾಗಿತ್ತು. ಫೋಟೋ ಚೆನ್ನಾಗಿ ಬರಲೆಂದು ಹೊಟ್ಟೆ ಕಟ್ಟುವುದು ಈಗಿನ ಹುಡುಗಿಯರ ಹಣೆಬರಹ ಎಂದು ಏಕನಾಥಮ್ಮ ಗೊಣಗಿಕೊಂಡಳು.

ಮೂರನೆಯ ಡಬ್ಬಿ ಮುಗಿದ ದಿನ ಅವಳೇ ಹೊಸದುರ್ಗದ ಬಸ್ಸು ಹತ್ತಿದಳು. ಇದರಿಂದ ಏನಾಗುತ್ತದೆ, ಮುಚ್ಚುಮರೆಯಿಲ್ಲದೆ ಹೇಳು ಎಂದು ಮೆಡಿಕಲ್ ಶಾಪಿನ ಹಫೀಜನನ್ನು ಹಿಡಿದುಕೊಂಡಳು. ಹಫೀಜ್ ಸುಳ್ಳು ಹೇಳುವವನಲ್ಲ. ಆಂಟಿಬಯಾಟಿಕ್ ತಿಂದು ಭೇದಿಯಾದರೆ ಕೆಲವರಿಗೆ ಹಿಡಿತಕ್ಕೆ ಬರುತ್ತದೆ, ಹೊಟ್ಟೆಯುಬ್ಬರ ಕೆಲವರಿಗೆ ಇಳಿಯುತ್ತದೆ, ಎಲ್ಲರಿಗೂ ಅಲ್ಲ ಎಂದ. ಸಕ್ಕರೆ ಬೇರೆ ಇರುತ್ತದೆ, ನಮ್ಮ ಕಡೆಯ ಬಿಸಿಲಿಗೆ ಹೊರಗಿಟ್ಟರೆ ಒಳಗಿನ ಜೀವ ಅರ್ಧಕ್ಕರ್ಧ ಸತ್ತೇ ಹೋಗಿರುತ್ತದೆ ಎಂದ. ಅವಳು ಕದಲದೆ ನಿಂತದ್ದು ನೋಡಿ ದನಿ ತಗ್ಗಿಸಿದ.

"ದೊಡ್ಡ ಕಾಯಿಲೆಗೆ ಇದು ಔಷಧಿ ಅಲ್ಲಮ್ಮ. ಮೈಯಾಗೆ ಶಕ್ತಿ ಇಲ್ದೋರು ಡಾಕ್ಟ್ರನ್ನ ಕೇಳ್ದೆ ತಿನ್ಲೂಬಾರ್ದು."

ಉಳಿದಿದ್ದ ಒಂದೆಳೆ ಆಸೆಯೂ ಅಲ್ಲಿಗೆ ಹರಿಯಿತು. ಅವಳು ನೆಟ್ಟಗೆ ಆಸ್ಪತ್ರೆಗೆ ನಡೆದಳು. ಡಾಕ್ಟರಮ್ಮನೆದುರು ಸುತ್ತಿ ಬಳಸಲಿಲ್ಲ.

"ನಮ್ಮನೆಯೋರು ಮಗಳ ಮದ್ವೆ ತನ್ಕ ಇರ್ತಾರಾ? ಅಷ್ಟು ಹೇಳ್ರಿ, ಸಾಕು."

ಡಾಕ್ಟರಮ್ಮ ಊರು, ಹೆಸರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದರು. ಹುಬ್ಬು ಗಂಟಿಕ್ಕಿತು. ಪಾಪಣ್ಣನಿಗೆ ಯಾವ ಕಾಯಿಲೆಯೂ ಇಲ್ಲವೆಂದರು. ಏಕನಾಥಮ್ಮ ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಅವಳಿಗೆ ತನ್ನ ಬಳೆಗಳ ಕಡೆ ಕಣ್ಣು ಹೋಯಿತು.

"ಹಂಗಾರೆ ನಂಗಾ?" ಎಂದಳು. ವಿಚಿತ್ರವೆಂದರೆ ಹೆದರಿಕೆಯೇ ಆಗಲಿಲ್ಲ. ಅವನು ಉಳಿದರೆ ಸಾಕಿತ್ತು.

ನಿಮಗೂ ಏನೂ ಇಲ್ಲ, ಸ್ವಲ್ಪ ರಕ್ತ ಕಡಿಮೆಯಿದೆ ಅಷ್ಟೇ ಎಂದರು ಡಾಕ್ಟರಮ್ಮ.

ಏಕನಾಥಮ್ಮ ಅಲ್ಲೇ ಅತ್ತಳು, ಅಳುತ್ತಲೇ ನಕ್ಕಳು. ಏನನ್ನೋ ತಪ್ಪಾಗಿ ಕೇಳಿಸಿಕೊಂಡು ಬಂದು ಮನೆಮಂದಿಗೆಲ್ಲ ಮಿಠಾಯಿ ತಿನ್ನಿಸಿದ ಗಂಡನಿಗೆ ಇವತ್ತು ಸರಿಯಾಗಿ ಮಂಗಳಾರತಿ ಎತ್ತಬೇಕು. ಸಂಜೆಯೇ ತಾಳ್ಯಕ್ಕೆ ಫೋನು, ಮಾಘದಲ್ಲೇ ಮದುವೆ. ಸೆರಗಿನಿಂದ ಮುಖ ಒರೆಸಿಕೊಂಡು ಕೈಮುಗಿದಳು. "ನೀವೂ ಬರ್ಬೇಕ್ರಿ ಮದ್ವೆಗೆ. ನಂಗಿರೋಳು ಒಬ್ಳೇ ಮಗಳು."

ಡಾಕ್ಟರಮ್ಮ ಮೂರನೆಯ ರಿಪೋರ್ಟಿನಿಂದ ಕಣ್ಣು ತೆಗೆದು, ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತರು. "ಏಕನಾಥಮ್ಮ, ಸುಚಿತ್ರಾ ನಿಮಗೇನೂ ಹೇಳಿಲ್ವಾ?"