ಎರಡು ಬೊಗಸೆ ಗಾಂಜಾ ಬೀಜ

ಗಿಡಗಳು ಬೀಜ ಕಟ್ಟುವುದನ್ನು ಬಿಟ್ಟು ನಲವತ್ತು ವರ್ಷವಾಗಿತ್ತು. ಸಸಿಗಳೆಲ್ಲ ಕಾರ್ಖಾನೆಯಿಂದಲೇ ಬರುತ್ತಿದ್ದವು. ಗುಡ್ಡದ ಹಳೆಯ ಗಾಂಜಾ ತಳಿಯೊಂದು ಮಾತ್ರ ಇನ್ನೂ ಬೀಜ ಬಿಡುತ್ತಿತ್ತು. ಮುದುಕಿ ದ್ಯಾಮವ್ವ ತನ್ನಲ್ಲಿ ಉಳಿದಿದ್ದ ಕಡೆಯ ಬೊಗಸೆಯನ್ನು ನೆರೆಮನೆಯ ನೀಲವ್ವನಿಗೆ ಬಿತ್ತಲು ಕೊಟ್ಟಿದ್ದಳು. ಒಂದು ಬೊಗಸೆ ಒಯ್ದವರು ಎರಡು ತಂದು ಕೊಟ್ಟವರ ಉಡಿಗೆ ಹಾಕಬೇಕೆಂಬುದು ಅವರ ಪದ್ಧತಿ.

ಸುಗ್ಗಿ ಮುಗಿಸಿದ ನೀಲವ್ವ ಬುಟ್ಟಿ ತುಂಬ ದಪ್ಪ ದಪ್ಪ ಹೂ ತಂದಳು. ದ್ಯಾಮವ್ವ ಉಡಿಯೊಡ್ಡಿ ಕುಳಿತು ಒಂದೊಂದನ್ನೇ ತಿಕ್ಕಿ ನೋಡಿದಳು. ಒಂದು ಬೀಜವೂ ಉದುರಲಿಲ್ಲ.

"ಗಂಡುಗಿಡ ಏನ್ ಮಾಡಿದಿ?"

"ಅವು ಇಂಥಾ ಹೂ ಬಿಡೂದಿಲ್ಲಲ್ಲ ಆಯಿ. ದಂಡ ಅಂತ ಮೊದಲ ಕಿತ್ತು ಒಗದೆ."

ದ್ಯಾಮವ್ವ ಬೈಯಲಿಲ್ಲ. ಒಡ್ಡಿದ ಉಡಿಯನ್ನು ಮಡಚಲೂ ಇಲ್ಲ.

"ಗಂಡುಗಿಡ ಇಲ್ಲದೆ ಬೀಜ ಕಟ್ಟೂದಿಲ್ಲಂತ ನಾನ ಹೇಳಬೇಕಿತ್ತವ್ವಾ. ನಮ್ಮ ಕಾಲದಾಗ ಇದನ್ನ ಯಾರಿಗೂ ಹೇಳಬೇಕಾಗಿರಲಿಲ್ಲ."